ಹರಳೆಣ್ಣೆಯ ವಾಸನೆಯಿಂದ ಕಡತದ ಮೇಜಿಗೆ: ಡೇವಿಡ್ ಇಂಗಲ್ಸ್ ಬದುಕು

ಕಾರವಾರದಲ್ಲಿ ಕಿರಿಯ ವಕೀಲರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರೆದಿಳಿಸುವಾಗ ಒಂದೆರಡು ಕಡೆ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಹರಳೆಣ್ಣೆಯಿಂದ ಶುರು ಮಾಡೋಣ. ಶನಿವಾರ ಬಂತೆಂದರೆ ಅಜ್ಜಿ ಹಿಡಿದು ಕೂರಿಸಿ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆ; ಹೊಟ್ಟೆ ಕೆಟ್ಟಾಗ ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆ. ಅದರ ಜಿಗುಟು, ಅದರ ವಾಸನೆ ಇಲ್ಲಿರುವ ಹಿರಿಯರಿಗಾದರೂ ನೆನಪಿರಬೇಕು. 1918ರಲ್ಲಿ ಬೆಲ್ಜಿಯಂ ಕರಾವಳಿಯ ಮೇಲೆ ಹಾರುತ್ತಿದ್ದ ಬ್ರಿಟಿಷ್ ಯುದ್ಧವಿಮಾನಗಳ ಎಂಜಿನ್ನಿಗೂ ಇದೇ ಎಣ್ಣೆ ಹಾಕುತ್ತಿದ್ದರು. ಆ ಕಾಲದ ರೋಟರಿ ಎಂಜಿನ್ನುಗಳಲ್ಲಿ ಮುಂದಿನ ಪ್ರೊಪೆಲ್ಲರ್ ಜೊತೆ ಇಡೀ ಎಂಜಿನ್ನೇ ಗಿರಗಿರನೆ ತಿರುಗುತ್ತಿತ್ತು. ಒಳಗೆ ಹೋದ ಎಣ್ಣೆ ಮರಳಿ ಟ್ಯಾಂಕಿಗೆ ಬರುವ ಏರ್ಪಾಡೇ ಇರಲಿಲ್ಲ. ಸುಟ್ಟಷ್ಟು ಸುಟ್ಟು ಉಳಿದದ್ದು ಹೊರಕ್ಕೆ ಎರಚಿಹೋಗುತ್ತಿತ್ತು. ಪೆಟ್ರೋಲಿನಲ್ಲಿ ಕರಗಿ ತೆಳುವಾಗದ ಎಣ್ಣೆ ಬೇಕಾಗಿತ್ತು, ಅದಕ್ಕೇ ಹರಳೆಣ್ಣೆ. ಹಿಂದೆ ತೆರೆದ ಕಾಕ್‌ಪಿಟ್‌ನಲ್ಲಿ ಕೂತ ಹುಡುಗನ ಮುಖ, ಗಾಗಲ್, ಚರ್ಮದ ಕೋಟು ಎಲ್ಲದರ ಮೇಲೂ ಅದರ ಪದರ. ಉಸಿರೆಳೆದರೆ ಅದರದೇ ಹೊಗೆ. ಹೊಟ್ಟೆಗೂ ಅಷ್ಟಿಷ್ಟು ಇಳಿಯುತ್ತಿತ್ತು. ಇಳಿದ ಮೇಲೆ ಏನಾಗುತ್ತದೆ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಹರಳು ಬೀಜವನ್ನು ಹೊರದೇಶಕ್ಕೆ ಕಳಿಸುವುದರಲ್ಲಿ ಭಾರತವೇ ಮುಂದಿತ್ತು.

ಹಾಗೆ ಎಣ್ಣೆ ಮೆತ್ತಿಕೊಂಡು ಹಾರಿದವರಲ್ಲಿ ಒಬ್ಬ ಅಮೆರಿಕದ ಹುಡುಗ. ಹತ್ತೊಂಬತ್ತು ವರ್ಷ. ಹೆಸರು ಡೇವಿಡ್ ಸಿಂಟನ್ ಇಂಗಲ್ಸ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಸಿಕ್ಕ ಒಬ್ಬನೇ ಒಬ್ಬ 'ಏಸ್' ಅವನು. ಐದು ಅಥವಾ ಹೆಚ್ಚು ಶತ್ರುವಿಮಾನ ಕೆಡವಿದವನನ್ನು ಏಸ್ ಎನ್ನುತ್ತಾರೆ. ಆಮೇಲೆ ಅವನು ವಕೀಲನಾದ, ಶಾಸಕನಾದ, ಮೂವತ್ತನೇ ವಯಸ್ಸಿಗೆ ಅದೇ ನೌಕಾಪಡೆಯ ವಿಮಾನ ವಿಭಾಗದ ಮೇಲೆ ಸರ್ಕಾರ ಕೂರಿಸಿದ ಅಧಿಕಾರಿಯಾದ. ಅವನ ಪದಕಗಳ ಕತೆ ಬಹಳ ಕಡೆ ಸಿಗುತ್ತದೆ. ನನ್ನನ್ನು ಹಿಡಿದದ್ದು ಬೇರೆ. ಯಂತ್ರದ ಎಣ್ಣೆ ಮುಖಕ್ಕೆ ಎರಚಿಸಿಕೊಂಡವನೇ ಮುಂದೆ ಆ ಯಂತ್ರಕ್ಕೆ ಹಣ ಮಂಜೂರು ಮಾಡಿಸುವ ಕುರ್ಚಿಯಲ್ಲಿ ಕೂತ. ಇದು ಅಪರೂಪ. ಬಹುತೇಕ ದೇಶಗಳಲ್ಲಿ ಹಾರಿಸುವವರು ಬೇರೆ, ಸಹಿ ಹಾಕುವವರು ಬೇರೆ.

ಇನ್ನೊಂದು ಮಾತು. ನೌಕಾಪಡೆಗೆ ವಿಮಾನ ಯಾಕೆ ಎಂಬ ಪ್ರಶ್ನೆ ಬೇರೆ ಊರಿನಲ್ಲಾದರೆ ಬರುತ್ತಿತ್ತು. ಕಾರವಾರದಲ್ಲಿ ಬರುವುದಿಲ್ಲ. ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಆ ದೊಡ್ಡ ಟುಪೊಲೆವ್ ವಿಮಾನ ನೌಕಾಪಡೆಯದು. ಐಎನ್‌ಎಸ್ ವಿಕ್ರಮಾದಿತ್ಯ ತಂಗುವುದು ಇಲ್ಲೇ ಪಕ್ಕದ ಕದಂಬ ನೆಲೆಯಲ್ಲಿ. ಹಡಗಿನ ಬೆನ್ನ ಮೇಲೆ ವಿಮಾನ ಇಳಿಯುವುದು ನಮಗೆ ಈಗ ಸುದ್ದಿಯಲ್ಲ. ಅದು ಸುದ್ದಿಯಾಗಿದ್ದ, ಜಗಳವಾಗಿದ್ದ, ಬಜೆಟ್ಟಿನಲ್ಲಿ ಎಳೆದಾಟವಾಗಿದ್ದ ಕಾಲದ ಮನುಷ್ಯನ ಬಗ್ಗೆ ಇವತ್ತು ಮಾತಾಡುತ್ತಿದ್ದೇನೆ.

ಇಂಗಲ್ಸ್ ಹುಟ್ಟಿದ್ದು 1899ರ ಜನವರಿ 28ರಂದು, ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ತಂದೆಯ ಕಡೆ ರೈಲ್ವೆಯ ದೊಡ್ಡ ಕುಳಗಳು. ತಾಯಿ ಜೇನ್ ಟಾಫ್ಟ್. ವಕೀಲರಿಗೆ ಈ ಟಾಫ್ಟ್ ಎಂಬ ಹೆಸರು ಕೇಳಿದ ಕೂಡಲೇ ಕಿವಿ ನಿಮಿರಬೇಕು. ಅಮೆರಿಕದ ಅಧ್ಯಕ್ಷರೂ ಆಗಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆದ ಒಬ್ಬನೇ ವ್ಯಕ್ತಿ ವಿಲಿಯಂ ಹೊವಾರ್ಡ್ ಟಾಫ್ಟ್. ಜೇನ್ ಅವರ ತಂದೆಗೆ ಆತ ಮಲತಮ್ಮ. ಅಂದರೆ ನಮ್ಮ ಲೆಕ್ಕದಲ್ಲಿ ಡೇವಿಡ್‌ಗೆ ಚಿಕ್ಕಜ್ಜ. ಇದನ್ನು ಮುಚ್ಚಿಟ್ಟು ಕತೆ ಹೇಳುವುದು ಸರಿಯಲ್ಲ. ಈ ಹುಡುಗನಿಗೆ ಬಾಗಿಲುಗಳು ತಾವಾಗಿ ತೆರೆದವು. ತೆರೆದ ಬಾಗಿಲಿನೊಳಗೆ ಹೋಗಿ ಏನು ಮಾಡಿದ ಎಂಬುದನ್ನಷ್ಟೇ ಅವನ ಲೆಕ್ಕಕ್ಕೆ ಹಿಡಿಯಬೇಕು.

1916ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಟ್ರೂಬಿ ಡೇವಿಸನ್ ಎಂಬ ಹಿರಿಯ ವಿದ್ಯಾರ್ಥಿಯ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಅಮೆರಿಕ ಇವತ್ತಲ್ಲ ನಾಳೆ ಯುದ್ಧಕ್ಕೆ ಇಳಿಯುತ್ತದೆ, ಅಷ್ಟರೊಳಗೆ ನಾವೇ ಸ್ವಂತ ಖರ್ಚಿನಲ್ಲಿ ವಿಮಾನ ಹಾರಿಸುವುದನ್ನು ಕಲಿತು ನೌಕಾಪಡೆಗೆ ಸಿದ್ಧರಾಗಿ ನಿಲ್ಲೋಣ ಎಂದು. ಟ್ರೂಬಿಯ ತಂದೆ ಮಾರ್ಗನ್ ಬ್ಯಾಂಕಿನ ಪಾಲುದಾರರು. ಹಣಕ್ಕೆ ಕೊರತೆ ಇರಲಿಲ್ಲ. ಆ ಬೇಸಿಗೆಯಲ್ಲಿ ಲಾಂಗ್ ಐಲ್ಯಾಂಡ್‌ನ ಪೋರ್ಟ್ ವಾಷಿಂಗ್ಟನ್‌ನಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳಲ್ಲಿ ಪಾಠ ಶುರುವಾಯಿತು. 'ಫಸ್ಟ್ ಯೇಲ್ ಯೂನಿಟ್' ಎಂದು ಇತಿಹಾಸದಲ್ಲಿ ಉಳಿದ ಗುಂಪು ಇದು. ಸಿರಿವಂತರ ಮಕ್ಕಳ ಶೋಕಿ ಎಂದು ಹೊರಗಿನವರಿಗೆ ಅನಿಸಿರಬಹುದು. ಆದರೆ ಅಂಕಿ ನೋಡಿ: 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಇಡೀ ನೌಕಾಪಡೆಯ ವಿಮಾನ ವಿಭಾಗದಲ್ಲಿ ಇದ್ದದ್ದು 48 ಅಧಿಕಾರಿಗಳು, 239 ಸಿಬ್ಬಂದಿ, 54 ವಿಮಾನ. ಅಂಥ ಬರಗಾಲದಲ್ಲಿ ಮೂವತ್ತಕ್ಕೆ ಹತ್ತಿರ ತಯಾರಾದ ಹುಡುಗರು ಸಿಕ್ಕಿದ್ದು ಸಣ್ಣ ಮಾತಲ್ಲ.

ಇಂಗಲ್ಸ್ ಗುಂಪಿನಲ್ಲಿ ತೀರ ಚಿಕ್ಕವರ ಪೈಕಿ. 1917ರ ಮಾರ್ಚ್‌ನಲ್ಲಿ ನೌಕಾಪಡೆಗೆ ಸೇರಿದಾಗ ಹದಿನೆಂಟು ತುಂಬಿ ಎರಡು ತಿಂಗಳು. ಫ್ಲಾರಿಡಾದಲ್ಲಿ, ಆಮೇಲೆ ಲಾಂಗ್ ಐಲ್ಯಾಂಡ್‌ನ ಹಂಟಿಂಗ್ಟನ್‌ನಲ್ಲಿ ತರಬೇತಿ ಮುಗಿಸಿ ನೌಕಾ ವಿಮಾನಿ ಸಂಖ್ಯೆ 85 ಆದ. ಗುಂಪು ಕಟ್ಟಿದ ಟ್ರೂಬಿಗೆ ಆ ಭಾಗ್ಯ ಬರಲಿಲ್ಲ. ಜುಲೈ 28ರಂದು, ಅರ್ಹತೆಯ ಪರೀಕ್ಷೆಯ ದಿನವೇ, ಅವನ ವಿಮಾನ ನೀರಿಗೆ ಬಿತ್ತು. ಬೆನ್ನೆಲುಬು ಮುರಿಯಿತು. ಉಳಿದವರು ಹಡಗು ಹತ್ತಿದರು, ಅವನು ಹಾಸಿಗೆಯಲ್ಲಿ ಉಳಿದ. ಟ್ರೂಬಿಯನ್ನು ಮರೆಯಬೇಡಿ, ಹನ್ನೆರಡು ವರ್ಷದ ನಂತರ ಮತ್ತೆ ಬರುತ್ತಾನೆ.

ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಬ್ರಿಟಿಷರ ಕೈಕೆಳಗೆ ಮತ್ತೆ ತರಬೇತಿ. ಅಲ್ಲಿ ಕೈಗೆ ಸಿಕ್ಕಿದ್ದು ಸಾಪ್‌ವಿತ್ ಕ್ಯಾಮೆಲ್ ಎಂಬ ಯುದ್ಧವಿಮಾನ. ಎರಡು ಮೆಷಿನ್‌ಗನ್‌ಗಳ ಮೇಲೆ ಹೊದಿಸಿದ ತಗಡು ಒಂಟೆಯ ಡುಬ್ಬದಂತೆ ಉಬ್ಬಿರುತ್ತಿತ್ತು, ಅದಕ್ಕೇ ಆ ಹೆಸರು. ಎಂಜಿನ್, ಗನ್, ಪೆಟ್ರೋಲ್ ಟ್ಯಾಂಕ್, ಪೈಲಟ್ ಎಲ್ಲ ಭಾರವೂ ಮುಂದಿನ ಏಳು ಅಡಿಯಲ್ಲಿ. ಅಷ್ಟು ಭಾರದ ಎಂಜಿನ್ ಬುಗುರಿಯಂತೆ ತಿರುಗುವಾಗ ಬುಗುರಿಯ ಗುಣವೇ ವಿಮಾನಕ್ಕೂ ಬರುತ್ತದೆ. ಬಲಕ್ಕೆ ತಿರುಗಿಸಿದರೆ ಮೂಗು ಕೆಳಕ್ಕೆ ಜಗ್ಗುತ್ತದೆ. ಎಡಕ್ಕಾದರೆ ಮೇಲಕ್ಕೆ ಏಳುತ್ತದೆ. ಬಲಕ್ಕಂತೂ ಎಷ್ಟು ಚುರುಕಾಗಿ ತಿರುಗುತ್ತಿತ್ತೆಂದರೆ ಬೆನ್ನು ಹತ್ತಿದ ಶತ್ರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಾಗಿಬಿಡುತ್ತಿದ್ದ. ಪಳಗದ ಕೈಗೆ ಅದೇ ಗುಣ ಮೃತ್ಯು. ನೆಲ ಬಿಟ್ಟ ಕೂಡಲೇ ಗಿರಕಿ ಹೊಡೆದು ಬಿದ್ದು ಸತ್ತ ತರಬೇತಿಯ ಹುಡುಗರು ಬಹಳ ಮಂದಿ. ಪಳಗಿದ ಕೈಯಲ್ಲಿ ಮಾತ್ರ ಯುದ್ಧದ ಅತ್ಯುತ್ತಮ ವಿಮಾನಗಳಲ್ಲಿ ಒಂದು.

ಫ್ರಾನ್ಸಿನ ಡಂಕರ್ಕ್ ಹತ್ತಿರದ ಬೆರ್ಗ್‌ನಲ್ಲಿ ಬ್ರಿಟಿಷರ 213ನೇ ಸ್ಕ್ವಾಡ್ರನ್, ಅಂದರೆ ವಿಮಾನ ದಳ. ಜರ್ಮನಿಯ ಸಬ್‌ಮರೀನುಗಳು ಬ್ರೂಜ್‌ನಿಂದ ಕಾಲುವೆಗಳ ಮೂಲಕ ಜೀಬ್ರುಗ್ಗೆ, ಆಸ್ಟೆಂಡ್‌ಗಳಿಗೆ ಬಂದು ಕಡಲು ಸೇರುತ್ತಿದ್ದವು. ಆ ಕರಾವಳಿಯನ್ನು ಕಾಡುವುದು ಸ್ಕ್ವಾಡ್ರನ್ನಿನ ಕೆಲಸ. 1918ರ ವಸಂತದಲ್ಲಿ ಸ್ವಲ್ಪ ಕಾಲ ಅಲ್ಲಿದ್ದ ಇಂಗಲ್ಸ್, ಆಗಸ್ಟ್‌ನಲ್ಲಿ ಅಲ್ಲಿಗೇ ಮರಳಿದ. ಆಗಸ್ಟ್ 11ರಂದು ಮೊದಲ ವಿಮಾನ ಕೆಡವಿದ. ಸೆಪ್ಟೆಂಬರ್ 24ಕ್ಕೆ ಆರನೆಯದು. ಆರೂವರೆ ವಾರ. ಆರರಲ್ಲಿ ಹೆಚ್ಚಿನವು ಜೊತೆಗೆ ಹಾರಿದ ಬ್ರಿಟಿಷ್ ಗೆಳೆಯರೊಂದಿಗೆ ಹಂಚಿಕೊಂಡವು. ದಾಖಲೆಯಲ್ಲಿ ಹಾಗೆಯೇ ಬರೆದಿದ್ದಾರೆ. ಒಂಟಿ ವೀರನ ಚಿತ್ರಕ್ಕಿಂತ ಈ ಹಂಚಿಕೆಯ ಲೆಕ್ಕವೇ ನನಗೆ ಇಷ್ಟ.

ಆರರಲ್ಲಿ ಒಂದು ಬಲೂನು. ಅದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಬಲೂನು ಎಂದರೆ ಸುಲಭದ ಗುರಿ ಎಂದುಕೊಳ್ಳುವುದು ಸಹಜ. ಜಲಜನಕ ತುಂಬಿದ, ಆನೆಯಂಥ ಚೀಲ. ಉಕ್ಕಿನ ಹಗ್ಗದಲ್ಲಿ ನೆಲಕ್ಕೆ ಕಟ್ಟಿರುತ್ತಾರೆ. ಕೆಳಗೆ ಜೋತುಬಿದ್ದ ಬೆತ್ತದ ಬುಟ್ಟಿಯಲ್ಲಿ ಒಬ್ಬ ಕೂತು ದುರ್ಬೀನಿನಲ್ಲಿ ಮೈಲಿಗಟ್ಟಲೆ ನೋಡುತ್ತಾ ಟೆಲಿಫೋನಿನಲ್ಲಿ ತಮ್ಮ ಫಿರಂಗಿಗಳಿಗೆ ಗುರಿ ಹೇಳುತ್ತಿರುತ್ತಾನೆ. ಅವನೊಬ್ಬನ ಕಣ್ಣಿನಿಂದ ಎದುರು ಪಾಳಯದಲ್ಲಿ ನೂರಾರು ಜನ ಸಾಯಬಹುದು. ಹಾಗಾಗಿ ಬಲೂನಿನ ಸುತ್ತ ನೆಲದಲ್ಲಿ ವಿಮಾನ ಹೊಡೆಯುವ ತೋಪುಗಳ ಬೇಲಿಯನ್ನೇ ಹಾಕಿರುತ್ತಿದ್ದರು. ಬಲೂನು ಎಷ್ಟು ಎತ್ತರದಲ್ಲಿದೆ ಎಂದು ಅವರಿಗೆ ಮೊದಲೇ ಗೊತ್ತು, ವಿಮಾನ ಆ ಎತ್ತರಕ್ಕೇ ಬರಬೇಕು ಎಂದೂ ಗೊತ್ತು. ಮಾಮೂಲಿ ಗುಂಡು ಹೊಡೆದರೆ ಚೀಲದಲ್ಲಿ ತೂತು ಬೀಳುತ್ತದೆ, ಅಷ್ಟೇ. ಬೆಂಕಿ ಹತ್ತಿಸುವ ಗುಂಡುಗಳನ್ನು ತುಂಬಿಕೊಂಡು ತೀರ ಹತ್ತಿರ ಹೋಗಿ ಒಂದೇ ಕಡೆ ಸುರಿಯಬೇಕು. ಹತ್ತಿದರೆ ಆ ಜ್ವಾಲೆ ತನ್ನನ್ನೇ ನುಂಗದಂತೆ ಪಕ್ಕಕ್ಕೆ ಹೊರಳಬೇಕು. ಬುಟ್ಟಿಯಲ್ಲಿದ್ದವನಿಗೆ ಪ್ಯಾರಾಚೂಟ್ ಇರುತ್ತಿತ್ತು. ಕ್ಯಾಮೆಲ್ ಹಾರಿಸುವವನಿಗೆ ಇರಲಿಲ್ಲ. ಸೆಪ್ಟೆಂಬರ್ 18ರಂದು ಇಬ್ಬರು ಸಂಗಡಿಗರ ಜೊತೆ ಇಂಗಲ್ಸ್ ಹೋದದ್ದು ಇಂಥ ಬೇಲಿಯೊಳಗೆ. ಬಲೂನು ಉರಿದು ಬಿತ್ತು. ಮೂವರೂ ಮರಳಿದರು.

ಇದೇ ಆಕಾಶದಲ್ಲಿ, ಸ್ವಲ್ಪ ದಕ್ಷಿಣಕ್ಕೆ, ಅದೇ ವರ್ಷದ ಜುಲೈನಲ್ಲಿ ನಮ್ಮವನೊಬ್ಬ ಹಾರುತ್ತಿದ್ದ. ಇಂದ್ರಲಾಲ್ ರಾಯ್. ಕಲ್ಕತ್ತದ ಬ್ಯಾರಿಸ್ಟರರ ಮಗ. ಹುಟ್ಟಿದ್ದು 1898ರ ಡಿಸೆಂಬರ್ 2. ಇಂಗಲ್ಸ್‌ಗಿಂತ ಎಂಟು ವಾರ ದೊಡ್ಡವನು. ಇವನು ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆ, ಅವನು ಓದಿದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಸೇಂಟ್ ಪಾಲ್ಸ್ ಶಾಲೆ. ರಾಯ್ ಹದಿಮೂರೇ ದಿನಗಳಲ್ಲಿ ಹತ್ತು ವಿಮಾನ ಕೆಡವಿದ. ಜುಲೈ 22ರಂದು ತಾನೇ ಬಿದ್ದ. ಇಬ್ಬರಿಗೂ ಬ್ರಿಟಿಷರ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಬಂತು. ರಾಯ್‌ಗೆ ಸತ್ತ ಮೇಲೆ. ಬದುಕಿದ್ದರೆ ಆತ ಏನಾಗುತ್ತಿದ್ದ, ತಂದೆಯಂತೆ ಕರಿಕೋಟು ತೊಡುತ್ತಿದ್ದನೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಂಗಲ್ಸ್ ಬದುಕನ್ನು ಓದುವಾಗ ಪಕ್ಕದಲ್ಲಿ ಈ ಅರ್ಧಕ್ಕೆ ನಿಂತ ಬದುಕನ್ನು ಇಟ್ಟುಕೊಳ್ಳದೆ ನನಗೆ ಓದಲಾಗುವುದಿಲ್ಲ.

ಇನ್ನೊಂದು ಸಾವು ಇಂಗಲ್ಸ್‌ಗೆ ಇನ್ನೂ ಹತ್ತಿರದ್ದು. ಅಕ್ಟೋಬರ್ ಮೊದಲ ವಾರ ಅವನನ್ನು ಇಂಗ್ಲೆಂಡಿನ ಈಸ್ಟ್‌ಲೀ ನೆಲೆಗೆ ವರ್ಗ ಮಾಡಿದರು. ಖಾಲಿಯಾದ ಜಾಗಕ್ಕೆ ಸ್ಕ್ವಾಡ್ರನ್ನಿಗೆ ಬಂದವನು ಅದೇ ಯೇಲ್ ಗುಂಪಿನ ಗೆಳೆಯ ಕೆನೆತ್ ಮ್ಯಾಕ್ಲೀಷ್. ಬಹಳ ದಿನದಿಂದ ಕಾದಿದ್ದ ಜಾಗ, ಸಂತೋಷದಿಂದ ಬಂದ. ಅಕ್ಟೋಬರ್ 14ರಂದು ಹಾರಿಹೋದವನು ಮರಳಲಿಲ್ಲ. ನಾಲ್ಕು ವಾರಕ್ಕೆ ಯುದ್ಧ ಮುಗಿಯಿತು. ಬೆಲ್ಜಿಯಂನ ಸ್ಕೋರೆ ಎಂಬ ಹಳ್ಳಿಯ ಹತ್ತಿರ ಅವನ ದೇಹ ಸಿಕ್ಕಿದ್ದು ಡಿಸೆಂಬರ್ ಕೊನೆಯಲ್ಲಿ. ಈ ಕೆನೆತ್‌ನ ಅಣ್ಣ ಆರ್ಚಿಬಾಲ್ಡ್ ಮ್ಯಾಕ್ಲೀಷ್. ಕವಿ, ಅವರೂ ಹಾರ್ವರ್ಡ್‌ನಲ್ಲಿ ಕಾನೂನು ಓದಿದವರು, ಮುಂದೆ ಅಮೆರಿಕ ಸಂಸತ್ತಿನ ಗ್ರಂಥಾಲಯದ ಮುಖ್ಯಸ್ಥರಾದವರು.

ಇನ್ನು ಮೇಲೆ ಇಂಗಲ್ಸ್ ಅವರನ್ನು ಬಹುವಚನದಲ್ಲಿ ಕರೆಯುತ್ತೇನೆ. ಹತ್ತೊಂಬತ್ತರ ಹುಡುಗನಿಗೆ 'ಅವರು' ಹಚ್ಚಲು ಬಾಯಿ ಬರಲಿಲ್ಲ, ನಮ್ಮ ಮನೆಯ ಹುಡುಗನಂತೆಯೇ ಕಂಡ.

ಯೇಲ್‌ಗೆ ಮರಳಿ 1920ರಲ್ಲಿ ಪದವಿ ಮುಗಿಸಿದರು. 1923ರಲ್ಲಿ ಹಾರ್ವರ್ಡ್‌ನಿಂದ ಕಾನೂನು ಪದವಿ. ಕ್ಲೀವ್‌ಲ್ಯಾಂಡ್‌ನಲ್ಲಿ ಸ್ಕ್ವೈರ್, ಸ್ಯಾಂಡರ್ಸ್ ಅಂಡ್ ಡೆಂಪ್ಸಿ ಎಂಬ ಹೆಸರಾಂತ ವಕೀಲರ ಕಚೇರಿ ಸೇರಿದರು. 1927ರಿಂದ ಎರಡು ವರ್ಷ ಓಹಾಯೋ ವಿಧಾನಸಭೆಯಲ್ಲಿ ಶಾಸಕರು. ಅಲ್ಲಿ ಅವರೂ ಸೇರಿ ಮಂಡಿಸಿದ ಮಸೂದೆಯೇ ಓಹಾಯೋದ ವಿಮಾನಯಾನ ಸಂಹಿತೆ. ರೈಟ್ ಸಹೋದರರು ಬೆಳೆದ ರಾಜ್ಯಕ್ಕೆ ಆಕಾಶದ ಕಾನೂನು ಬರೆಯಲು ನಿಂತವರಲ್ಲಿ ಆಕಾಶದಲ್ಲಿ ಗುಂಡು ಹಾರಿಸಿದ ಇಪ್ಪತ್ತೆಂಟರ ವಕೀಲರೂ ಇದ್ದರು.

ಇಲ್ಲಿ ಕಿರಿಯ ವಕೀಲರಿಗಾಗಿ ಒಂದು ಚಿಕ್ಕ ಅಡ್ಡದಾರಿ. ವಿಮಾನ ಬಂದಾಗ ಕಾನೂನಿಗೆ ಎಂಥ ಇಕ್ಕಟ್ಟಾಯಿತು ಎಂಬುದನ್ನು ಊಹಿಸಿಕೊಳ್ಳಿ. ನೆಲ ಯಾರದೋ ಅದರ ಮೇಲಿನ ಆಕಾಶ, ಕೆಳಗಿನ ಪಾತಾಳ ಎರಡೂ ಅವರದೇ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ನಿಯಮ. ಅದನ್ನು ಅಕ್ಷರಶಃ ಹಿಡಿದರೆ ಬೆಂಗಳೂರಿನಿಂದ ಮಂಗಳೂರಿಗೆ ಹಾರುವ ವಿಮಾನ ದಾರಿಯಲ್ಲಿ ಸಾವಿರಾರು ಜನರ ಜಮೀನಿಗೆ ಅತಿಕ್ರಮ ಪ್ರವೇಶ ಮಾಡಿದಂತೆ. ಅಮೆರಿಕದಲ್ಲಿ 1926ರಲ್ಲಿ ಕೇಂದ್ರದ ವಾಯು ವಾಣಿಜ್ಯ ಕಾಯ್ದೆ ಬಂತು, ಬೆನ್ನಿಗೇ ರಾಜ್ಯಗಳೂ ತಮ್ಮ ಸಂಹಿತೆ ಬರೆಯತೊಡಗಿದವು. ಆದರೂ ಸುಪ್ರೀಂ ಕೋರ್ಟು ಆ ಹಳೆಯ ನಿಯಮಕ್ಕೆ ಈ ಕಾಲದಲ್ಲಿ ಜಾಗವಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದು 1946ರ ಕಾಸ್ಬಿ ಪ್ರಕರಣದಲ್ಲಿ. ನಾರ್ತ್ ಕ್ಯಾರೊಲೈನಾದ ಕೋಳಿ ಸಾಕಣೆಯವರ ದಾವೆ ಅದು. ಸೇನೆಯ ಬಾಂಬರ್‌ಗಳು ಮನೆಯ ಮೇಲೇ ತಗ್ಗಿನಲ್ಲಿ ಹಾರಿ, ಬೆದರಿದ ಕೋಳಿಗಳು ಗೋಡೆಗೆ ಡಿಕ್ಕಿ ಹೊಡೆದು ನೂರೈವತ್ತರಷ್ಟು ಸತ್ತಿದ್ದವು. ಎತ್ತರದ ಆಕಾಶ ಎಲ್ಲರದು. ಆದರೆ ನೆಲದ ಬಳಕೆಯನ್ನೇ ಕೆಡಿಸುವಷ್ಟು ತಗ್ಗಿನಲ್ಲಿ ಹಾರಿದರೆ ಪರಿಹಾರ ಕೊಡಬೇಕು ಎಂದು ತೀರ್ಪು. ಓದಿ ನೋಡಿ, ಚಿಕ್ಕದು, ಚೊಕ್ಕದು.

1929ರ ಮಾರ್ಚ್‌ನಲ್ಲಿ ಹರ್ಬರ್ಟ್ ಹೂವರ್ ಅಧ್ಯಕ್ಷರಾದರು. ನೌಕಾಪಡೆಯಲ್ಲಿ ವಿಮಾನ ವಿಷಯಕ್ಕೆಂದೇ ಒಂದು ಸಹಾಯಕ ಕಾರ್ಯದರ್ಶಿಯ ಹುದ್ದೆ ಇತ್ತು. ನಮ್ಮಲ್ಲಿ ಕಾರ್ಯದರ್ಶಿ ಎಂದರೆ ಐಎಎಸ್ ಅಧಿಕಾರಿ ನೆನಪಾಗುತ್ತಾರೆ. ಅಲ್ಲಿ ಅದು ರಾಜಕೀಯ ನೇಮಕ, ನಮ್ಮ ರಾಜ್ಯ ಸಚಿವರಿಗೆ ಹತ್ತಿರದ ಸ್ಥಾನ. ಅಲ್ಲಿವರೆಗೆ ಅದರಲ್ಲಿದ್ದವರು ಎಡ್ವರ್ಡ್ ವಾರ್ನರ್, ವಿಮಾನಶಾಸ್ತ್ರದ ಪ್ರಾಧ್ಯಾಪಕರು. ಹೂವರ್ ಆ ಜಾಗಕ್ಕೆ ಮೂವತ್ತು ತುಂಬಿದ ಇಂಗಲ್ಸ್ ಅವರನ್ನು ಕರೆದರು. ಭೂಸೇನೆಯ ಕಡೆ ಇದೇ ಬಗೆಯ ಹುದ್ದೆಯಲ್ಲಿ 1926ರಿಂದಲೂ ಕೂತಿದ್ದವರು ಯಾರು ಗೊತ್ತೇ? ಟ್ರೂಬಿ ಡೇವಿಸನ್. ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಆ ಹುಡುಗ ಕೊಲಂಬಿಯಾದಲ್ಲಿ ಕಾನೂನು ಓದಿ, ಊರುಗೋಲು ಹಿಡಿದೇ ಅಲ್ಲಿಗೆ ಬಂದಿದ್ದರು. 1929ರಿಂದ ಮೂರು ವರ್ಷ ಅಮೆರಿಕದ ಭೂಸೇನೆ, ನೌಕಾಪಡೆ ಎರಡರ ವಿಮಾನ ವ್ಯವಹಾರಗಳೂ ಒಂದೇ ಕಾಲೇಜು ಗುಂಪಿನ ಇಬ್ಬರು ಗೆಳೆಯರ ಮೇಜಿನ ಮೇಲಿದ್ದವು. ಇಬ್ಬರೂ ವಕೀಲಿಕೆ ಕಲಿತವರು.

ಆ ಮೇಜಿಗೆ ಬರುತ್ತಿದ್ದ ಕಡತಗಳ ಸ್ವಭಾವ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಹಾಕಬೇಕು. ದೊಡ್ಡ ದೇಶಗಳು ತಮ್ಮ ಯುದ್ಧನೌಕೆಗಳಿಗೆ ಮಿತಿ ಹಾಕಿಕೊಂಡ 1922ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಅಮೆರಿಕ ಕಟ್ಟಬಹುದಾದ ವಿಮಾನವಾಹಕ ನೌಕೆಗಳ ಒಟ್ಟು ತೂಕ 1,35,000 ಟನ್. ಅರ್ಧ ಕಟ್ಟಿ ನಿಲ್ಲಿಸಿದ್ದ ಎರಡು ಯುದ್ಧನೌಕೆಗಳನ್ನು ಅದೇ ಒಪ್ಪಂದದ ಒಂದು ಅನುಕೂಲದ ಮೇಲೆ ವಿಮಾನವಾಹಕಗಳಾಗಿ ಬದಲಾಯಿಸಿದರು: ಲೆಕ್ಸಿಂಗ್ಟನ್ ಮತ್ತು ಸಾರಟೋಗಾ, ಲೆಕ್ಕಕ್ಕೆ ತಲಾ 33,000 ಟನ್. ಉಳಿದದ್ದು 69,000. ಐದು ಹಡಗು ಬೇಕು ಎಂದು ಐದರಿಂದ ಭಾಗಿಸಿದರು. 13,800. ಮೊದಲಿನಿಂದಲೂ ವಿಮಾನವಾಹಕವೆಂದೇ ಕಟ್ಟಿದ ಅಮೆರಿಕದ ಮೊದಲ ನೌಕೆ ರೇಂಜರ್‌ಗೆ ಗೊತ್ತುಮಾಡಿದ ಗಾತ್ರ ಇದು. ಕಡಲು, ಗಾಳಿ, ಎಂಜಿನ್ ಇವುಗಳನ್ನೆಲ್ಲ ಕೇಳಿ ಬಂದ ಸಂಖ್ಯೆಯಲ್ಲ. ಕಾಗದದ ಮೇಲಿನ ಭಾಗಾಕಾರದಿಂದ ಬಂದದ್ದು. ಸಂಸತ್ತು ಮಂಜೂರಾತಿ ಕೊಟ್ಟದ್ದು ಇಂಗಲ್ಸ್ ಬರುವ ತಿಂಗಳ ಮೊದಲು, ಹಡಗಿನ ಅಡಿಗಟ್ಟು ಹಾಕಿದ್ದು ಅವರ ಅವಧಿಯಲ್ಲಿ, 1931ರ ಸೆಪ್ಟೆಂಬರ್‌ನಲ್ಲಿ. ಮುಂದೆ ರೇಂಜರ್ ಚಿಕ್ಕದಾಯಿತು, ನಿಧಾನವಾಯಿತು, ರಕ್ಷಣೆ ತೆಳುವಾಯಿತು. ಎರಡನೇ ಮಹಾಯುದ್ಧದಲ್ಲಿ ಅದನ್ನು ಪೆಸಿಫಿಕ್‌ನ ಕಾಳಗಕ್ಕೆ ಕಳಿಸುವ ಧೈರ್ಯ ಮಾಡಲಿಲ್ಲ, ಅಟ್ಲಾಂಟಿಕ್‌ನಲ್ಲೇ ದುಡಿಸಿದರು. ಒಪ್ಪಂದದ ಕರಡು ಬರೆಯುವ ವಕೀಲರ ಪೆನ್ನು ಇಪ್ಪತ್ತು ವರ್ಷದ ನಂತರ ಹಡಗಿನ ಮೇಲಿನ ನಾವಿಕನ ತಲೆಯ ಮೇಲೆ ಬಂದು ನಿಲ್ಲುತ್ತದೆ. ರೇಂಜರ್ ಕತೆಯನ್ನು ನಾನು ಅದಕ್ಕೇ ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ಇಂಗಲ್ಸ್ ಆ ಕುರ್ಚಿಯಲ್ಲಿ ಕೂತು ಮಾಡಿದ್ದೇನು? ಮೊದಲನೆಯದಾಗಿ, ಕೂತಿರಲಿಲ್ಲ. ನೌಕಾಪಡೆಗೆ ಬರುವ ಹೊಸ ವಿಮಾನಗಳನ್ನು ತಾವೇ ಹಾರಿಸಿ ನೋಡುತ್ತಿದ್ದರು. ಇದನ್ನು ಕೇಳಿದಾಗ ನನಗೆ ಆಗುವ ಸಂತೋಷ ಹೇಳತೀರದು. ವಿಮಾನದ ಗುತ್ತಿಗೆಯ ಕಡತದಲ್ಲಿ ವೇಗ ಇಷ್ಟು, ತೂಕ ಇಷ್ಟು, ಬೆಲೆ ಇಷ್ಟು ಎಂದು ಇರುತ್ತದೆ. ಎಡಕ್ಕೆ ತಿರುಗಿಸಿದಾಗ ಮೂಗು ಏಳುತ್ತದೆ ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ. ಅದು ಕೈಗೆ ಮಾತ್ರ ತಿಳಿಯುತ್ತದೆ. ಕ್ಯಾಮೆಲ್‌ನಿಂದ ಬದುಕಿ ಬಂದ ಕೈಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಎರಡನೆಯದು ಹಣ. ಐದು ವರ್ಷದಲ್ಲಿ ನೌಕಾಪಡೆಗೆ ಬಳಕೆಗೆ ಸಿದ್ಧವಾದ ಒಂದು ಸಾವಿರ ವಿಮಾನ ಬೇಕು ಎಂಬ ಯೋಜನೆಗೆ 1926ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಅದು ನೆರವೇರಬೇಕಾದ ಹೊತ್ತಿಗೆ, 1929ರ ಅಕ್ಟೋಬರ್‌ನಲ್ಲಿ, ಷೇರು ಮಾರುಕಟ್ಟೆ ಕುಸಿಯಿತು. ಬ್ಯಾಂಕುಗಳು ಮುಚ್ಚಿದವು, ಊಟಕ್ಕೆ ಸಾಲುಗಟ್ಟಿ ನಿಂತ ಜನ. ಅಂಥ ಕಾಲದಲ್ಲಿ ಯುದ್ಧವಿಮಾನಕ್ಕೆ ದುಡ್ಡು ಕೇಳುವುದು ಹೇಗೆ? ನೌಕಾಪಡೆಯ ವಿಮಾನ ಬ್ಯೂರೋದ ಮುಖ್ಯಸ್ಥ ಅಡ್ಮಿರಲ್ ವಿಲಿಯಂ ಮಾಫೆಟ್ 1921ರಿಂದ ಕಟ್ಟಿಕೊಂಡು ಬಂದದ್ದನ್ನು ರಾಜಕೀಯದ ಮೊಗಸಾಲೆಯಲ್ಲಿ ಕಾಯುವುದು ಇಂಗಲ್ಸ್ ಪಾಲಿಗೆ ಬಂತು. ಆ ಸಾವಿರದ ಗುರಿ ಅವರ ಅವಧಿಯಲ್ಲೇ ಮುಟ್ಟಿತು. ಶ್ರೇಯಸ್ಸಿನ ಹೆಚ್ಚಿನ ಪಾಲು ಮಾಫೆಟ್‌ರದೇ ಎಂದು ನಾನು ತಿಳಿದಿದ್ದೇನೆ; ಆದರೆ ಬೆಳೆ ಬೆಳೆದವನಷ್ಟೇ ಬರಗಾಲದಲ್ಲಿ ಬೇಲಿ ಕಾದವನದೂ ಕೆಲಸ.

ಹಡಗಿನ ಮೇಲೆ ವಿಮಾನ ಇಳಿಸುವ ವಿದ್ಯೆ ಕೂಡ ಆ ವರ್ಷಗಳಲ್ಲೇ ಈಗಿನ ರೂಪಕ್ಕೆ ಬಂತು. ಮೊದಲು ಡೆಕ್ಕಿನ ಉದ್ದಕ್ಕೂ ತಂತಿಗಳನ್ನು ಎಳೆದಿರುತ್ತಿದ್ದರು, ಹಗುರಾದ ವಿಮಾನ ಗಾಳಿಗೆ ಪಕ್ಕಕ್ಕೆ ಜಾರದಿರಲಿ ಎಂದು. ಅದರಿಂದಲೇ ಅಪಘಾತ ಹೆಚ್ಚಾದವು. ಅವನ್ನು ತೆಗೆದುಹಾಕಿ, ಅಡ್ಡ ತಂತಿಗಳನ್ನಷ್ಟೇ ಉಳಿಸಿಕೊಂಡರು. ವಿಮಾನದ ಬಾಲದ ಕೊಕ್ಕೆ ಅಡ್ಡ ತಂತಿಗೆ ಸಿಕ್ಕಿ, ತಂತಿ ಎಳೆದುಕೊಳ್ಳುತ್ತಾ ವೇಗ ತಗ್ಗಿಸುತ್ತದೆ. ವಿಕ್ರಮಾದಿತ್ಯದ ಮೇಲೆ ಇಳಿಯುವ ಮಿಗ್ ವಿಮಾನವನ್ನು ಹಿಡಿದು ನಿಲ್ಲಿಸುವುದೂ ಇಂಥದೇ ಅಡ್ಡ ತಂತಿ.

ಇನ್ನೊಂದು ಘಟನೆ ಹೇಳಲೇಬೇಕು. 1932ರ ಫೆಬ್ರುವರಿ 7, ಭಾನುವಾರ. ಹವಾಯಿಯ ಬಳಿ ಸಮರಾಭ್ಯಾಸ. ಅಡ್ಮಿರಲ್ ಹ್ಯಾರಿ ಯಾರ್ನೆಲ್ ದೊಡ್ಡ ಯುದ್ಧನೌಕೆಗಳನ್ನು ಹಿಂದೆ ಬಿಟ್ಟು, ಲೆಕ್ಸಿಂಗ್ಟನ್, ಸಾರಟೋಗಾ ಎರಡನ್ನೇ ಮುಂದೆ ತಂದು, ಮೋಡ ಕವಿದ ಬೆಳಗಿನ ಜಾವ ಪರ್ಲ್ ಹಾರ್ಬರ್ ಮೇಲೆ ನೂರೈವತ್ತರಷ್ಟು ವಿಮಾನ ಕಳಿಸಿದರು. ನೆಲದ ಮೇಲಿದ್ದವರು ಸಂಪೂರ್ಣ ಬೇಸ್ತು ಬಿದ್ದರು. ಇದು ನಡೆದಾಗ ನೌಕಾಪಡೆಯ ವಿಮಾನ ವಿಭಾಗದ ಹೊಣೆ ಇಂಗಲ್ಸ್ ಅವರದು. ಹತ್ತು ವರ್ಷ ತುಂಬುವ ಮೊದಲೇ, 1941ರ ಡಿಸೆಂಬರ್ 7ರಂದು, ಅದೂ ಭಾನುವಾರವೇ, ಜಪಾನಿನ ವಿಮಾನಗಳು ಅದೇ ಬಂದರಿನ ಮೇಲೆ ನಿಜವಾದ ಬಾಂಬು ಹಾಕಿದವು. ಅಭ್ಯಾಸದಲ್ಲಿ ಕಂಡದ್ದನ್ನು ಹಿರಿಯ ಅಧಿಕಾರಿಗಳು ನಂಬಲಿಲ್ಲ. ವಿಮಾನದಿಂದ ಯುದ್ಧನೌಕೆ ಮುಳುಗೀತೇ ಎಂದು ವಾದಿಸಿದರು. ಓದುವಾಗ ನನಗೆ ಸಿಟ್ಟು ಬರುತ್ತದೆ; ಅಷ್ಟು ಕಣ್ಣಿಗೆ ರಾಚುವಂತೆ ತೋರಿಸಿಯೂ ಸಾಕಾಗಲಿಲ್ಲ.

1932ರ ಜೂನ್‌ನಲ್ಲಿ ಇಂಗಲ್ಸ್ ರಾಜೀನಾಮೆ ಕೊಟ್ಟು ಓಹಾಯೋ ರಾಜ್ಯಪಾಲರ ಚುನಾವಣೆಗೆ ನಿಂತರು. ಅಲ್ಲಿ ರಾಜ್ಯಪಾಲ ಎಂದರೆ ನಮ್ಮ ಮುಖ್ಯಮಂತ್ರಿಯಂತೆ, ಜನರೇ ಆರಿಸುವ ಸ್ಥಾನ. ರೂಸ್‌ವೆಲ್ಟ್ ಅಲೆ ಎದ್ದ ವರ್ಷ. ಡೆಮಾಕ್ರಟಿಕ್ ಪಕ್ಷದ ಜಾರ್ಜ್ ವೈಟ್ ಎದುರು ಸೋತರು. ನನ್ನ ಅಭಿಪ್ರಾಯದಲ್ಲಿ ಅದು ಅವರ ದೊಡ್ಡ ತಪ್ಪು ಹೆಜ್ಜೆ. ಹುದ್ದೆಯಲ್ಲೇ ಇದ್ದಿದ್ದರೂ ಸರ್ಕಾರ ಬದಲಾಗಿ ಒಂಬತ್ತು ತಿಂಗಳಲ್ಲಿ ಇಳಿಯಬೇಕಾಗುತ್ತಿತ್ತು ಎಂದು ನೀವು ಹೇಳಬಹುದು, ಸರಿ. ಆದರೆ ಅವರು ಬಿಟ್ಟ ಆ ಕುರ್ಚಿಯನ್ನು ಸರ್ಕಾರ 1941ರವರೆಗೆ ತುಂಬಲೇ ಇಲ್ಲ. ಕೊನೆಗೆ ತುಂಬಿದವರು ಆರ್ಟೆಮಸ್ ಗೇಟ್ಸ್. ಅವರೂ ಅದೇ ಯೇಲ್ ಗುಂಪಿನವರು. ಭೂಸೇನೆಯ ಕಡೆ ಅದೇ ವರ್ಷ ಬಂದ ರಾಬರ್ಟ್ ಲವೆಟ್ ಕೂಡ ಅದೇ ಗುಂಪು. ಲವೆಟ್ ಮುಂದೆ ರಕ್ಷಣಾ ಕಾರ್ಯದರ್ಶಿಯೇ ಆದರು.

ಸೋತ ಮೇಲೆ ಎರಡು ವರ್ಷ ಕ್ಲೀವ್‌ಲ್ಯಾಂಡ್ ನಗರದ ಸಾರ್ವಜನಿಕ ಆರೋಗ್ಯ ಮತ್ತು ಕಲ್ಯಾಣ ವಿಭಾಗದ ನಿರ್ದೇಶಕರಾಗಿದ್ದರು. ಮಹಾ ಕುಸಿತದ ನಟ್ಟನಡುವೆ, ಕೈಗಾರಿಕೆಗಳು ನಿಂತುಹೋದ ಊರಿನಲ್ಲಿ, ಬಡವರ ಆಸ್ಪತ್ರೆ, ನೆರವು ನೋಡಿಕೊಳ್ಳುವ ಕೆಲಸ. ಕೋಟ್ಯಧಿಪತಿಗಳ ಮನೆಯಿಂದ ಬಂದವರು, ಅಧ್ಯಕ್ಷರ ಆಡಳಿತದಲ್ಲಿ ಕೂತಿದ್ದವರು, ನಗರಸಭೆಯ ಕೆಲಸ ಎಂದು ಮೂಗು ಮುರಿಯಲಿಲ್ಲ. ಜೀವನಚರಿತ್ರೆಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ, ನನಗದು ಬೇಸರ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಪ್ಯಾನ್ ಅಮೆರಿಕನ್ ಎಂಬ ವಿಮಾನಯಾನ ಸಂಸ್ಥೆ ಯುದ್ಧಕ್ಕೆ ವಿಮಾನಗಳನ್ನು ಆಫ್ರಿಕದ ಮೂಲಕ ಸಾಗಿಸುತ್ತಿದ್ದಾಗ ಅದರ ಉಸ್ತುವಾರಿ. ಪರ್ಲ್ ಹಾರ್ಬರ್ ದಾಳಿಯ ಮರುವರ್ಷ, ನಲವತ್ತಮೂರನೇ ವಯಸ್ಸಿನಲ್ಲಿ, ಮತ್ತೆ ನೌಕಾಪಡೆಯ ಸಮವಸ್ತ್ರ ತೊಟ್ಟು ಹವಾಯಿಗೆ ಹೋದರು. ಯಾವ ಬಂದರಿನ ಮೇಲಿನ ಅಣಕು ದಾಳಿ ತಮ್ಮ ಅವಧಿಯಲ್ಲಿ ನಡೆದಿತ್ತೋ ಅದೇ ಜಾಗ. ಮೀಸಲು ಪಡೆಯ ರಿಯರ್ ಅಡ್ಮಿರಲ್ ಹಂತಕ್ಕೆ ಏರಿದರು. ಯುದ್ಧದ ನಂತರ ಪ್ಯಾನ್ ಅಮೆರಿಕನ್‌ನ ಉಪಾಧ್ಯಕ್ಷರು. ಸೆನೆಟರ್ ರಾಬರ್ಟ್ ಟಾಫ್ಟ್, ತಾಯಿಗೆ ಚಿಕ್ಕಪ್ಪನ ಮಗ, ಅಂದರೆ ಇವರಿಗೆ ಸೋದರಮಾವನಂತೆ. ಆತ ಅಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ಹೋರಾಡಿದಾಗ ಪ್ರಚಾರದ ನೊಗ ಹೊತ್ತವರು ಇಂಗಲ್ಸ್. 1940ರಲ್ಲೂ ಸೋಲು, 1952ರಲ್ಲಿ ಐಸನ್‌ಹೋವರ್ ಎದುರು ಮತ್ತೆ ಸೋಲು. ಸಿನ್ಸಿನಾಟಿಯಲ್ಲಿ ಕುಟುಂಬದ ಪತ್ರಿಕೆ ನಡೆಸಿದರು. ಯೇಲ್‌ನಲ್ಲಿ ವಾಸ್ತುಶಿಲ್ಪಿ ಈರೋ ಸಾರಿನೆನ್ ವಿನ್ಯಾಸದ, ತಿಮಿಂಗಿಲದ ಬೆನ್ನಿನಂಥ ಚಾವಣಿಯ ಐಸ್‌ಹಾಕಿ ಆಟದ ಅಂಗಳ ಒಂದಿದೆ. ಅದಕ್ಕೆ ತಂದೆ ಮಗ ಇಬ್ಬರ ಹೆಸರು, ಇಬ್ಬರೂ ಅಲ್ಲಿ ಹಾಕಿ ತಂಡದ ನಾಯಕರಾಗಿದ್ದವರು. 1985ರ ಏಪ್ರಿಲ್ 26ರಂದು, ಎಂಬತ್ತಾರನೇ ವಯಸ್ಸಿನಲ್ಲಿ ತೀರಿಕೊಂಡರು.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಆ ಮ್ಯಾಕ್ಲೀಷ್‌ನನ್ನು ಆಮೇಲೆ ಯಾರಾದರೂ ನೆನಪಿಟ್ಟುಕೊಂಡರಾ?"

ಇಟ್ಟುಕೊಂಡರು, ತಾಯಿ. 1920ರಲ್ಲಿ ಸೇವೆಗೆ ಸೇರಿದ ಒಂದು ಡೆಸ್ಟ್ರಾಯರ್ ಹಡಗಿಗೆ ಅವನ ಹೆಸರಿಟ್ಟರು. ಒಂಬತ್ತು ವರ್ಷದ ಮೇಲೆ ಇಂಗಲ್ಸ್ ನೌಕಾ ಇಲಾಖೆಯ ಆ ಮೇಜಿನ ಮುಂದೆ ಕೂತಾಗ, ಇಲಾಖೆಯ ಡೆಸ್ಟ್ರಾಯರ್‌ಗಳ ಪಟ್ಟಿಯಲ್ಲಿ 220ನೇ ಸಂಖ್ಯೆಯ ಮುಂದೆ ಗೆಳೆಯನ ಹೆಸರಿತ್ತು.